ಬಿಚ್ಚದ ಟಿವಿಯ ಹತ್ತು ಪಾಠಗಳು

ಅಂಜುಬುರುಕ ಎಂದು ಯಾರಾದರೂ ಅಂದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಆದರೆ ಆ ಎರಡು ವರ್ಷ ನಾನು ಅಂಜಿದಷ್ಟು ನಮ್ಮ ಮನೆತನದಲ್ಲಿ ಯಾರೂ ಅಂಜಿರಲಿಕ್ಕಿಲ್ಲ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಆಳಂದದವನಾದ ನಾನು ಅಫಜಲಪುರ ತಾಲೂಕಿನ ಒಂದು ಹೈಸ್ಕೂಲಿಗೆ ವಿಜ್ಞಾನದ ಮಾಸ್ತರನಾಗಿ ಬಂದಿದ್ದೆ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಎರಡು ವರ್ಷ ಮೇಲಿನವರು ನೋಡುತ್ತಾರೆ, ಮನಸ್ಸಿಗೆ ಬಂದರೆ ಉಳಿಸಿಕೊಳ್ಳುತ್ತಾರೆ, ಇಲ್ಲದಿದ್ದರೆ ಗಂಟುಮೂಟೆ ಕಟ್ಟು. ಜೇವರ್ಗಿ ಕಡೆ ಒಬ್ಬನನ್ನು ಹಾಗೇ ಮನೆಗೆ ಕಳಿಸಿದರಂತೆ ಎಂದು ಬಸ್ಸಿನಲ್ಲಿ ಯಾರೋ ಹೇಳಿದರು. ನಿಜವೋ ಸುಳ್ಳೋ, ಅಂದಿನ ರೊಟ್ಟಿಯ ಬುತ್ತಿ ಹಾಗೇ ಮನೆಗೆ ವಾಪಸು ಬಂತು.

ಎರಡನೆಯ ವರ್ಷ ಶಾಲೆಗೆ ಟಿವಿ ಬಂತು. ಅದರ ಹಿಂದೆಯೇ ಒಂದು ಸುತ್ತೋಲೆ. ಪ್ರತಿ ಶಿಕ್ಷಕನೂ ವರ್ಷದಲ್ಲಿ ಹತ್ತು ಪಾಠ ಟಿವಿ ಬಳಸಿ ಮಾಡಬೇಕು. ಪ್ರತಿ ಪಾಠಕ್ಕೂ ಜೊತೆಯ ಶಿಕ್ಷಕರೊಬ್ಬರು ಹಿಂದಿನ ಬೆಂಚಿನಲ್ಲಿ ಕೂತು, ನೋಡಿ, ಒಳ್ಳೆಯದನ್ನೂ ಕೊರತೆಯನ್ನೂ ವೀಕ್ಷಣಾ ಪುಸ್ತಕದಲ್ಲಿ ಬರೆಯಬೇಕು. ಕಾಗದದ ಮೇಲೆ ಏನು ಚೆಂದ ಕಾಣುತ್ತಿತ್ತು ಅದು. ನಮ್ಮಲ್ಲಿ ಕರೆಂಟು ಇದ್ದದ್ದು ಹೆಡ್‌ಮಾಸ್ತರರ ಕೋಣೆಗೆ ಮಾತ್ರ, ಅದೂ ಅದಕ್ಕೆ ಮನಸ್ಸು ಬಂದಾಗ. ಅವರು ಟಿವಿಯನ್ನು ಡಬ್ಬಿಯಿಂದ ಹೊರಗೇ ತೆಗೆಯಲಿಲ್ಲ. ಮೂಲೆಯ ಮೇಜಿನ ಮೇಲಿಟ್ಟು ಹಳೆಯ ಚಾದರ ಹೊದಿಸಿದರು. "ಮುಟ್ಟಿ ಕೆಡಿಸಿದ್ರ ನಿಮ್ಮ ಮ್ಯಾಲೆ ಬರ್ತದ ನೋಡ್ರಿ. ಆಮ್ಯಾಲೆ ನಾ ಹೇಳಿಲ್ಲ ಅನಬ್ಯಾಡ್ರಿ," ಎಂದರು. ಆಯುಧಪೂಜೆಯ ದಿನ ಚಾದರ ಸರಿಸಿ, ಡಬ್ಬಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು ಮತ್ತೆ ಹೊದಿಸಿದೆವು. ಆ ಟಿವಿಗೆ ನಮ್ಮಿಂದಾದ ಸೇವೆ ಅಷ್ಟೇ.

ಹಾಗಾದರೆ ಹತ್ತು ಪಾಠದ ಗತಿ? ಅದಕ್ಕೂ ನಮ್ಮಲ್ಲಿ ಒಂದು ಪದ್ಧತಿ ಇತ್ತು. ಪಾಠ ಮಾಡಬೇಕಾದವನೇ ತನ್ನ ಬಗ್ಗೆ ಅಭಿಪ್ರಾಯ ಬರೆದುಕೊಳ್ಳುವುದು, ನೋಡಬೇಕಾದವರು ಕೆಳಗೆ ಸಹಿ ಹಾಕುವುದು. ನೀ ನನಗ ಹಾಕು, ನಾ ನಿನಗ ಹಾಕ್ತೇನಿ. ನನಗೆ ಜೊತೆಯಾಗಿ ಸಿಕ್ಕವರು ಗಣಿತದ ಸರ್. ನಿವೃತ್ತಿಗೆ ಒಂದೇ ವರ್ಷ ಉಳಿದಿದ್ದ ಹಿರಿಯರು. ಮನೆಯಲ್ಲಿ ಉರ್ದು, ಶಾಲೆಯಲ್ಲಿ ತೂಕದ ಕನ್ನಡ. ಮೊದಲ ಸಲ ಪುಸ್ತಕ ಒಯ್ದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ನೋಡದ ಹ್ಯಾಂಗ ಹಾಕ್ಲಿ, ಮಾಸ್ತರ?"

"ಎಲ್ಲಾರೂ ಹಾಕ್ತಾರ್ರಿ ಸರ್. ನಂದಿನ್ನೂ ಕಾಯಂ ಆಗಬೇಕಲ್ರಿ," ಎಂದೆ. ಅಳುವುದೊಂದು ಬಾಕಿ.

ಅವರು ನನ್ನ ಮುಖ ನೋಡಿದರು, ಸಹಿ ಹಾಕಿದರು. ಮುಂದಿನ ಒಂಬತ್ತಕ್ಕೆ ಕೇಳಲೂ ಇಲ್ಲ.

ನಾನು ನನ್ನ ಬಗ್ಗೆ ಬರೆದುಕೊಂಡದ್ದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. 'ಹೃದಯದ ರಚನೆಯನ್ನು ಟಿವಿಯ ಸಹಾಯದಿಂದ ಮನಮುಟ್ಟುವಂತೆ ತೋರಿಸಿದರು. ಮಕ್ಕಳು ಉತ್ಸಾಹದಿಂದ ಪ್ರಶ್ನೆಗಳನ್ನು ಕೇಳಿದರು.' ಹೀಗೆ ಒಂಬತ್ತು. ಕೊರತೆಯನ್ನೂ ಬರೆಯಬೇಕೆಂಬ ನಿಯಮ ನೆನಪಾಗಿ ಹತ್ತನೆಯದಕ್ಕೆ 'ಧ್ವನಿ ಕೊಂಚ ಕಡಿಮೆಯಿತ್ತು' ಎಂದು ಸೇರಿಸಿದೆ. ಟಿವಿಯ ಧ್ವನಿಯೋ ನನ್ನದೋ, ಆ ಭಗವಂತನೇ ಬಲ್ಲ. ಹೊರಗೆ ಜೀಪಿನ ಸದ್ದಾದರೆ ತನಿಖೆಗೆ ಬಂದರೆಂದು ಪಾಠ ನಿಲ್ಲಿಸಿ ಕಿಟಕಿಗೆ ಓಡುತ್ತಿದ್ದೆ.

ಪರೀಕ್ಷೆ ಹತ್ತಿರ ಬಂದಾಗ ಆ ಜೀಪು ನಿಜವಾಗಿಯೂ ಬಂತು. ತನಿಖೆಯ ಸಾಹೇಬರು ಹೆಡ್‌ಮಾಸ್ತರರ ಕುರ್ಚಿಯಲ್ಲಿ ಕೂತು ವೀಕ್ಷಣಾ ಪುಸ್ತಕ ತಿರುವಿದರು. ನನ್ನ ಪುಟಗಳನ್ನು ನಿಧಾನವಾಗಿ ಓದಿದರು. ನನ್ನನ್ನು ಕರೆಸಿ "ಭೇಷ್" ಎಂದರು. ಆಮೇಲೆ, "ಟಿವಿ ಹಚ್ರಿ, ನೋಡೋಣ," ಎಂದರು.

ಕೊನೆಗೆ ಅವರೇ ಎದ್ದು ಹೋಗಿ ಚಾದರ ಸರಿಸಿದರು. ಡಬ್ಬಿಗೆ ಕಂಪನಿಯವರು ಅಂಟಿಸಿದ ಪಟ್ಟಿ ಹಾಗೇ ಇತ್ತು. ಅದರ ಮೇಲೆ ಒಣಗಿದ ಕುಂಕುಮ. ಸಾಹೇಬರು ದನಿ ಏರಿಸಲಿಲ್ಲ, ಅದೇ ನನ್ನನ್ನು ಹೆಚ್ಚು ಅಂಜಿಸಿತು.

"ಹತ್ತು ಪಾಠ ಇದ್ರಾಗ ತೋರ್ಸೀರೇನ್ರಿ?"

ಕಣ್ಣಿಗೆ ಕಂಡದ್ದು ಆಳಂದದ ಬಸ್ಸು, ಬಾಗಿಲಲ್ಲಿ ನಿಂತ ಅಪ್ಪನ ಮುಖ. ತಪ್ಪಾಯಿತು ಎನ್ನಬೇಕು, ಅಷ್ಟೇ. ನನ್ನ ನಾಲಿಗೆ ಏನು ಹೇಳಿತು ಕೇಳಿ.

"ಗಣಿತದ ಸರ್ ನೋಡಿ ಬರದಾರ್ರಿ, ಸಾಹೇಬ್ರ. ಅವ್ರನ್ನ ಕೇಳ್ರಿ."

ಬರೆದ ಅಕ್ಷರ ನನ್ನದು. ನನ್ನ ಯಾವ ಟಿಪ್ಪಣಿಯನ್ನು ಪಕ್ಕಕ್ಕಿಟ್ಟು ನೋಡಿದರೂ ತಿಳಿಯುತ್ತಿತ್ತು. ಅಷ್ಟೂ ಹೊಳೆಯದಷ್ಟು ಅಂಜಿಕೆ. ಗಣಿತದ ಸರ್ ಪಾಠ ಬಿಟ್ಟು ಬಂದರು. ಡಬ್ಬಿ ನೋಡಿದರು, ಪುಸ್ತಕ ನೋಡಿದರು, ಕೊನೆಗೆ ನನ್ನನ್ನು ನೋಡಿದರು.

"ಇದು ನಿಮ್ಮ ಅಕ್ಷರ ಏನ್ರಿ?" ಎಂದರು ಸಾಹೇಬರು.

ಅಲ್ಲ ಎಂಬ ಒಂದೇ ಮಾತು ಸಾಕಿತ್ತು, ನನ್ನ ನೌಕರಿ ಅಲ್ಲಿಗೆ ಮುಗಿಯುತ್ತಿತ್ತು.

"ಸಹಿ ನಂದದ್ರಿ," ಎಂದರು ಅವರು. "ಪಾಠ ನಾ ನೋಡಿಲ್ರಿ. ನೋಡದ ಸಹಿ ಹಾಕೀನಿ, ತಪ್ಪು ನಂದು."

"ನಾ ಅಕ್ಷರ ಕೇಳಾಕತ್ತೇನಿ."

"ಸಹಿ ನಂದು ಅಂದ ಮ್ಯಾಲೆ ಅಕ್ಷರದ ಮಾತ್ಯಾಕ್ರಿ, ಸಾಹೇಬ್ರ."

ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ನೆಲದ ಫರಸಿ ಕಲ್ಲು ನೋಡುತ್ತ ನಿಂತೆ. ಆ ಪುಟಗಳಲ್ಲಿ ನನ್ನ ಸಹಿ ಇರಲಿಲ್ಲ, ನನಗೂ ಹೆಡ್‌ಮಾಸ್ತರರಿಗೂ ಬರೀ ಬಾಯಿಮಾತಿನ ಬೈಗುಳ ಸಿಕ್ಕಿತು. ಬೇಸಿಗೆಯಲ್ಲಿ ನನ್ನ ಕಾಯಂ ಆದೇಶ ಬಂತು. ಅದೇ ಟಪಾಲಿನಲ್ಲಿ ಅವರಿಗೆ ಲಿಖಿತ ಎಚ್ಚರಿಕೆ ಬಂತು. ಮೂವತ್ತು ವರ್ಷಕ್ಕೂ ಮೇಲೆ ಒಂದು ಕಲೆಯಿಲ್ಲದ ಅವರ ಸರ್ವಿಸ್ ಪುಸ್ತಕದಲ್ಲಿ ಹೆಡ್‌ಮಾಸ್ತರರು ಅದನ್ನು ಕೆಂಪು ಶಾಯಿಯಲ್ಲಿ ಬರೆದರು.

ಶಾಲೆ ಮತ್ತೆ ಶುರುವಾದ ವಾರ ಅವರ ಮನೆಗೆ ಹೋದೆ. ಅವರ ಹೆಂಡತಿ ಚಹಾ ತಂದಿಟ್ಟು ಒಳಗೆ ಹೋದರು. ನಾನು ಕೈ ಮುಗಿದೆ.

"ಬಿಡ್ರಿ. ನಿಮ್ಮ ವಯಸ್ಸಿನ್ಯಾಗ ನಾನೂ ಅಂಜೀನಿ," ಎಂದರು. "ಆದ್ರ ಹತ್ತು ಸಲ ಸಹಿ ಹಾಕಿ ಒಂದೂ ಅಭಿಪ್ರಾಯ ನಾ ಬರದಿಲ್ಲ. ಈಗ ಒಂದು ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ."

"ಹೇಳ್ರಿ ಸರ್."

"ನಮ್ಮಿಬ್ಬರ ಕ್ಲಾಸಿನ ನಡುವ ಬರೇ ಒಂದು ಬಿದಿರಿನ ತಟ್ಟಿ ಅದ. ಎರಡು ವರ್ಷ ನಿಮ್ಮ ಪಾಠ ಕೇಳೀನಿ. ಚಂದ ಹೇಳ್ತೀರಿ, ಸುಳ್ಳಲ್ಲ. ಆದ್ರ ಒಂದು ಮಗು ನಿಮಗ ಪ್ರಶ್ನೆ ಕೇಳಿದ್ದು ನಾ ಕೇಳಿಲ್ಲ. ಉತ್ತರ ತಪ್ಪಿದ್ರ ನಿಮ್ಮ ಚೀರಾಟ ಕೇಳ್ತದ. ಆಮ್ಯಾಲೆ ಇಡೀ ಕ್ಲಾಸ್ ಗಪ್."

ನಂಬುತ್ತೀರೋ ಇಲ್ಲವೋ, ನನಗೆ ಸಿಟ್ಟೇ ಬಂತು. ಕ್ಷಮೆ ಕೇಳಲು ಹೋದವನು ಅರ್ಧ ಚಹಾ ಬಿಟ್ಟು ಎದ್ದು ಬಂದೆ. ದಾರಿಯುದ್ದಕ್ಕೂ ಗೊಣಗಿದೆ. ಚೀರದಿದ್ದರೆ ಮಕ್ಕಳು ಕಲಿಯುತ್ತಾರೇನು? ಇವರಿಗೇನು ಗೊತ್ತು ವಿಜ್ಞಾನ?

ಮರುದಿನ ಒಂಬತ್ತನೆಯ ತರಗತಿಗೆ ಹೃದಯದ ಪಾಠ ಮಾಡಿದೆ, ಕಪ್ಪುಹಲಗೆಯ ಮೇಲೆ. ಮುಗಿಸಿ, ಅವರ ಮಾತು ಸುಳ್ಳು ಮಾಡಬೇಕೆಂದೇ, "ತಿಳೀಲಾರದವ್ರು ಕೈ ಎತ್ರಿ," ಎಂದೆ. ಒಂದು ಕೈಯೂ ಏಳಲಿಲ್ಲ. ಮುಂದಿನ ಬೆಂಚಿನ ಹುಡುಗಿಯೊಬ್ಬಳನ್ನು ಎಬ್ಬಿಸಿದೆ.

"ತಿಳೀತೇನವಾ?"

"ತಿಳೀತ್ರಿ ಸರ್."

"ಹಂಗಾದ್ರ ರಕ್ತ ಯಾ ಕಡಿಂದ ಬಂದು ಯಾ ಕಡಿ ಹೋಗ್ತದ, ಹೇಳು."

ಮೆತ್ತಗೇ ಕೇಳಿದ್ದೆ. ಅವಳು ಬೆಂಚಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡಳು. ಪಕ್ಕದಲ್ಲಿದ್ದ ಗೆಳತಿ ತಲೆ ತಗ್ಗಿಸಿ ಕೂತಿದ್ದಳು. ಇವಳು ಅವಳ ಕಡೆ ಬೆರಳು ಮಾಡಿದಳು.

"ಇಕೀಗಿ ಗೊತ್ತದ್ರಿ ಸರ್. ಇಕೀನ್ನ ಕೇಳ್ರಿ."

ಸಾಹೇಬರು ಬಂದ ದಿನಕ್ಕಿಂತ ಹೆಚ್ಚು ಅಂಜಿಕೆ ನನಗೆ ಆ ಗಳಿಗೆಯಲ್ಲಿ ಆಯಿತು.