ಡಬ್ಬಿಗೆ ಕಡ್ಡಿ ಬರೆದ ಪತ್ರಗಳು

ಕೋವಿಡ್ ಕಳೆದ ಮರುವರ್ಷ ನಾನು ರಾಣೆಬೆನ್ನೂರಿನ ಒಂದು ಸಣ್ಣ ಇಂಟರ್ನೆಟ್ ಕಂಪನಿಯಲ್ಲಿ ಮೇಲ್ ಸರ್ವರ್ ನೋಡಿಕೊಳ್ಳುತ್ತಿದ್ದೆ. ಹಾವೇರಿ, ಬ್ಯಾಡಗಿಯ ಗ್ರಾಹಕರಿಗೂ ಇಮೇಲ್ ವಿಳಾಸ ಕೊಡುತ್ತಿದ್ದೆವು. ಬೇಡದ ಮೇಲ್, ಅಂದರೆ ಸ್ಪ್ಯಾಮ್, ಅವರನ್ನು ಮುಟ್ಟದಂತೆ ತಡೆಯುವುದು ನನ್ನ ಕೆಲಸ. ಅದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬವೂ ಇತ್ತು.

ಫಿಲ್ಟರ್ ಪ್ರತಿ ಮೇಲ್‌ಗೂ ಅಂಕ ಹಾಕುತ್ತದೆ. ಕಳಿಸಿದ ಸರ್ವರ್ ಅನುಮಾನದ್ದಾದರೆ ಒಂದಿಷ್ಟು, ಒಂದೇ ಒಕ್ಕಣೆ ನೂರಾರು ಜನರಿಗೆ ಹೋಗಿದ್ದರೆ ಇನ್ನಷ್ಟು. ಐದು ದಾಟಿದರೆ ಮೇಲ್ ಯಾರನ್ನೂ ಮುಟ್ಟದೆ ಕ್ವಾರಂಟೈನ್ ಎಂಬ ತಡೆಪೆಟ್ಟಿಗೆಗೆ. ಮೂವತ್ತು ದಿನ ಅಲ್ಲಿದ್ದು ತಾನಾಗಿ ಅಳಿಸಿಹೋಗುತ್ತದೆ. ಆ ವರ್ಷ ಮೆಣಸಿನಕಾಯಿ ಮಾರಾಟದ ಹೆಸರಿನಲ್ಲಿ ಮೋಸದ ಮೇಲ್‌ಗಳು ಮುತ್ತಿಕೊಂಡವು. ಎಲ್ಲದರಲ್ಲೂ ಬ್ಯಾಡಗಿಯ ಎರಡು ತಳಿಗಳ ಹೆಸರು: ದಪ್ಪನೆಯ ಡಬ್ಬಿ, ತೆಳ್ಳನೆಯ ಕಡ್ಡಿ. ಎರಡೂ ಪದ ಒಟ್ಟಿಗೆ ಕಂಡರೆ, ಬರುವ ಮೇಲ್ ಇರಲಿ ಹೋಗುವ ಮೇಲ್ ಇರಲಿ, ನೇರ ಹತ್ತು ಅಂಕ ಎಂದು ನಿಯಮ ಬರೆದೆ. ಪರಿಚಿತ ವರ್ತಕರಿಗೆ ಮಾತ್ರ ವಿನಾಯಿತಿ. ಉಳಿದವರಿಗೆ ಆ ಪದಗಳ ಗೊಡವೆ ಏನು ಎಂದುಕೊಂಡೆ.

ಎರಡು ತಿಂಗಳ ನಂತರ ನಮ್ಮ ಇಮೇಲ್ ಗ್ರಾಹಕಿ, ಬ್ಯಾಡಗಿಯಲ್ಲಿ ಹೊಲಿಗೆ ಕಲಿಸುವ ಗಿರಿಜವ್ವ, ಆಫೀಸಿಗೇ ಬಂದರು.

"ನಮ್ಮ ತಂಗಿ ಪತ್ರ ಎಲ್ಲಿ ಹೋದುವ್ರಿ ಸರ?"

ತಂಗಿ ಸುಮಿತ್ರಾ ಗುವಾಹಟಿಯಲ್ಲಿ ನರ್ಸ್. ಫೋನ್ ಮಾಡಬಾರದೇ ಎಂದೆ.

"ಫೋನಿನ್ಯಾಗ ಮಾತಾಡಿದ್ರ ಜಗಳಾನ ಆಗ್ತೈತ್ರಿ. ಅದಕ್ಕ ಬರದ ತಿಳಸೂದು ಅಂತ ಮಾತಾಗೈತಿ. ಈಗ ನಾನ ಮಾಡಿದ್ರೂ ಎತ್ತವಲ್ಲಳು."

ಅವರ ಒಪ್ಪಿಗೆ ಪಡೆದು ಅವರೆದುರೇ ಕ್ವಾರಂಟೈನ್ ತೆರೆದೆ. ತಂಗಿಯದು ಒಂದು ಪತ್ರ, ಅದರ ಕೆಳಗೇ ಅಕ್ಕನವು ಎರಡು. ತಂಗಿಯ ಪತ್ರ "ಪ್ರೀತಿಯ ಡಬ್ಬಿ" ಎಂದು ಶುರುವಾಗಿ "ನಿನ್ನ ಕಡ್ಡಿ" ಎಂದು ಮುಗಿದಿತ್ತು. ಗಿರಿಜವ್ವ ನಾಚಿದರು.

"ನಾ ದಪ್ಪ ಇದ್ನಿ, ಆಕಿ ಸಣಕಲಿ. ಅಪ್ಪ ಇಟ್ಟ ಹೆಸರ ರೀ. ಮೆಣಸಿನಕಾಯಿ ಊರಾಗ ಮತ್ತೇನ ಇಡ್ತಾರ?"

ನಡುವೆ ಇದ್ದದ್ದು ಇಷ್ಟು: "ನಾಕನೇ ಸಲ ಕೇಳಾಕತ್ತೇನಿ. ರಿಟೈರ್ ಆದಮ್ಯಾಲೆ ನಿನ್ನ ಹಂತ್ಯಾಕ ಬಂದು ಇರ್ಲೇನ? ಈ ವಾರ ಉತ್ತರ ಬರಲಿಲ್ಲಂದ್ರ ಬ್ಯಾಡ ಅಂದಂಗ ತಿಳಕೊಂತೇನಿ. ಇಲ್ಲೇ ಮನಿ ನೋಡೇನಿ."

ವಾರಕ್ಕೆ ಒಂದೇ ದಿನ ಉಳಿದಿತ್ತು. ನಿಯಮ ಅಳಿಸಿ ನನ್ನ ಕುರ್ಚಿ ಬಿಟ್ಟುಕೊಟ್ಟೆ. ಒಂದೊಂದೇ ಅಕ್ಷರ ಹುಡುಕಿ ಅವರು ಟೈಪ್ ಮಾಡಿದರು: "ಕಡ್ಡಿ, ಬಾ. ಲಗೂ ಬಾ. ಡಬ್ಬಿ."

ಮೊದಲ ಮೂರು ಪತ್ರಗಳು ಅಳಿಸಿಹೋಗಿದ್ದವು. ದಾಖಲೆಯಲ್ಲಿ ಅವುಗಳ ತಲೆಬರಹ ಮಾತ್ರ ಉಳಿದಿತ್ತು: "ಅವ್ವನ ಹಸರ ಸೀರಿ", "ಐರಣಿ ಹೊಳಿ", "ತಪ್ಪು ನಂದು". ಗಿರಿಜವ್ವ ಮೂರನ್ನೂ ಚೀಟಿಯಲ್ಲಿ ಬರೆದುಕೊಂಡು ಹೋದರು. ಅಂದು ನನಗಾದ ನಾಚಿಕೆ ಇನ್ನೂ ಹೋಗಿಲ್ಲ.

ತಂಗಿ ಬಂದರು. ಅಕ್ಕತಂಗಿ ಒಂದೇ ಮನೆಯಲ್ಲಿದ್ದಾರೆ, ಮನಸಾರೆ ಜಗಳಾಡುತ್ತಾರೆ. ಕಂಡಾಗಲೆಲ್ಲ ಗಿರಿಜವ್ವನದು ಒಂದೇ ಪ್ರಶ್ನೆ: "ಆ ಮೂರು ಸಿಕ್ಕುವೇನ್ರಿ?"

"ತಂಗೀನ್ನ ಕೇಳ್ರಲ್ಲ, ಮನ್ಯಾಗ ಅದಾರ," ಎಂದೆ ಒಮ್ಮೆ.

"ಕೇಳೇನ್ರಿ. ತನ್ನ ಕಡೆ ಇದ್ದುವನ್ನೂ ಅಳಸೇನಿ, ನೆನಪಿಲ್ಲ ಅಂತಾಳ. ತಪ್ಪು ನಂದು ಅಂತ ಆಕಿ ಬಾಯಿಲೆ ಯಾವಾಗ ಅಂದಾಳು?"

ಒಂದು ಪದ ಯಾರ ಮನೆಯಲ್ಲಿ ಯಾರ ಹೆಸರಾಗಿರುತ್ತದೋ ಸರ್ವರಿಗೆ ತಿಳಿಯದು. ನಾವು ಓದಿ ನೋಡಬೇಕು. ಈಗ ಮೂವತ್ತನೆಯ ದಿನದ ಪಟ್ಟಿಯನ್ನು ಕಣ್ಣಾರೆ ನೋಡದೆ ಅಳಿಸಲು ಬಿಡುವುದಿಲ್ಲ. ನೋಡುವಾಗೆಲ್ಲ, ಇಲ್ಲವೆಂದು ಗೊತ್ತಿದ್ದೂ, ಆ ಮೂರನ್ನು ಹುಡುಕುತ್ತೇನೆ.