ಕಾರಿನ ಕೆಳಗೆ ವಾಸಪ್ಪ

ಮುತ್ತಿನಕೊಪ್ಪದಲ್ಲಿ ಬಾಡಿಗೆ ಕಾರು ಬೇಕೆಂದು ಬಂದವರಿಗೆ ಜನ ವಾಸಪ್ಪನ ಬಿಳಿ ಅಂಬಾಸಿಡರ್ ತೋರಿಸುತ್ತಿದ್ದರು. ಜೊತೆಗೆ, ‘ಮಾತಾಡ್ಸಕ್ಕೆ ಹೋಗ್ಬೇಡಿ, ಅವ ಹೂಂ ಅನ್ನದು ಬಿಟ್ರೆ ಬೇರೆ ಎಂತ ಹೇಳಲ್ಲ’ ಎಂದೂ ಸೇರಿಸುತ್ತಿದ್ದರು. ಶೃಂಗೇರಿಗೆ ಹೋಗಿ ಬರುವಷ್ಟು ಹೊತ್ತೂ ಬಾಯಿ ಬಿಡದ ಮನುಷ್ಯ. ಸಿಟ್ಟಿನವನಲ್ಲ, ಜಂಬದವನೂ ಅಲ್ಲ. ಮಾತು ಅವನಿಗೆ ಸಲೀಸಾಗಿ ಬರುತ್ತಿರಲಿಲ್ಲ, ಅಷ್ಟೇ.

ಎರಡು ಸಾವಿರದ ನಾಲ್ಕನೇ ಇಸವಿಯ ಬೇಸಿಗೆಯಲ್ಲಿ, ಕೊಪ್ಪದ ದಾರಿಯ ತಿರುವೊಂದರಲ್ಲಿ ಎದುರು ಬಂದ ಬಸ್ಸಿಗೆ ಜಾಗ ಬಿಡಲು ಹೋಗಿ ಕಾರಿನ ಹಿಂದಿನ ಚಕ್ರ ಮೋರಿಯ ಕಲ್ಲಿಗೆ ಬಡಿಯಿತು. ಹಿಂದಿನ ಎರಡು ಚಕ್ರಗಳನ್ನೂ ಹೊತ್ತ ಆಕ್ಸಲ್ ಬಾಗಿತು. ಮದುವೆಗಳ ಕಾಲ. ನರಸಿಂಹರಾಜಪುರದ ಗ್ಯಾರೇಜಿನಲ್ಲಿ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ತನ್ನ ಮದುವೆಗೆ ಮುಂಚೆ ಕೆಲವು ವರ್ಷ ಗ್ಯಾರೇಜಿನಲ್ಲೇ ದುಡಿದಿದ್ದ ವಾಸಪ್ಪ, ಶಿವಮೊಗ್ಗದ ಗುಜರಿ ಅಂಗಡಿಯಿಂದ ನೆಟ್ಟಗಿದ್ದ ಹಳೆಯ ಆಕ್ಸಲ್ ಒಂದನ್ನು ತಂದು ಅಂಗಳದಲ್ಲಿ ಇಳಿಸಿಕೊಂಡ.

‘ಗ್ಯಾರೇಜಿನವ್ರೇ ಬಂದು ಹಾಕ್ಲಿ. ಒಬ್ರೇ ಎಂತಕ್ಕೆ ಒದ್ದಾಡ್ತೀರಿ?’ ಎಂದಳು ಹೆಂಡತಿ ತುಂಗಮ್ಮ.

‘ಹೂಂ.’

ಆ ಹೂಂ ಎಂದರೆ ಇಲ್ಲ ಎಂದೇ ಅರ್ಥವೆಂದು ಅವಳಿಗೆ ಗೊತ್ತಿತ್ತು. ಮಗಳು ನಯನಾಳನ್ನು ಕರೆದುಕೊಂಡು ಬಸ್ಸಿನಲ್ಲಿ ಕೊಪ್ಪದ ಮದುವೆಗೆ ಹೊರಟಳು.

ಕಾರಿನ ಹಿಂಭಾಗವನ್ನು ಎತ್ತಿ, ಕೆಳಗೆ ಕಲ್ಲು ಪೇರಿಸಿ, ಬಾಗಿದ ಆಕ್ಸಲನ್ನು ಅವನು ಹಿಂದಿನ ದಿನವೇ ಬಿಚ್ಚಿ ಹೊರಗೆಳೆದಿದ್ದ. ಉಳಿದಿದ್ದು ಇನ್ನೊಂದನ್ನು ಕೂರಿಸುವುದು. ಅದನ್ನು ಕಾರಿನ ಕೆಳಗೆ ಸರಿಸಿ, ನಡುವಿನ ದಪ್ಪನೆಯ ಉಬ್ಬಿಗೆ ಜಾಕ್ ಕೊಟ್ಟು ಮೇಲೆತ್ತಿದ. ಎರಡು ಬದಿಯ ಉದ್ದನೆಯ ಉಕ್ಕಿನ ಸ್ಪ್ರಿಂಗ್ ಪ್ಲೇಟುಗಳಿಗೆ ಅದು ಸರಿಯಾಗಿ ಕೂತಿತೋ ಎಂದು ನೋಡಲು ಅಂಗಾತ ಮಲಗಿ ಒಳಗೆ ತೆವಳಿದ. ಜಾಕಿನ ಅಡಿಗೆ ಹಲಗೆ ಇಡಬೇಕಿತ್ತು. ಇಟ್ಟಿರಲಿಲ್ಲ. ತುಂಗಮ್ಮ ಬೆಳಿಗ್ಗೆ ನೀರು ಚಿಮುಕಿಸಿದ್ದ ನೆಲ ಮೆತ್ತಗಿತ್ತು. ಜಾಕ್ ಮೆಲ್ಲಗೆ ಒಂದು ಪಕ್ಕಕ್ಕೆ ಕುಸಿಯಿತು.

ಆಕ್ಸಲ್ ಇಳಿದು ಎದೆಯ ಮೇಲೆ ಕೂತಿತು. ಅದರ ಒಂದು ತುದಿ ಕಲ್ಲಿಗೆ ಆತುಕೊಂಡಿದ್ದರಿಂದ ಜೀವ ಉಳಿದಿತ್ತು. ಬಲಗೈ ಅಡಿಯಲ್ಲಿ ಸಿಕ್ಕಿಕೊಂಡಿತ್ತು. ಸ್ಪಾನರ್ ಹಿಡಿದ ಎಡಗೈ ಮಾತ್ರ ಆಡುತ್ತಿತ್ತು. ಉಸಿರು ಅರ್ಧಕ್ಕಿಂತ ಹೆಚ್ಚು ಒಳಗೆ ಹೋಗುತ್ತಿರಲಿಲ್ಲ. ಕೂಗಲು ನೋಡಿದ. ಗಂಟಲಿನಿಂದ ಗಾಳಿ ಬಂತೇ ಹೊರತು ದನಿ ಬರಲಿಲ್ಲ.

ತಲೆ ಓರೆ ಮಾಡಿದರೆ ನೆಲಮಟ್ಟದಲ್ಲಿ ಅಂಗಳದ ಒಂದು ಪಟ್ಟಿ ಕಾಣುತ್ತಿತ್ತು. ಬಹಳ ಹೊತ್ತಿನ ಮೇಲೆ ಆ ಪಟ್ಟಿಯೊಳಗೆ ಎರಡು ಪಾದಗಳು ಬಂದು ನಿಂತವು.

‘ವಾಸಪ್ಪಣ್ಣ, ಇನ್ನೂ ಮುಗೀಲಿಲ್ವ?’ ಪಕ್ಕದ ತೋಟದ ನಾಗಪ್ಪನ ದನಿ.

ನಾಗಪ್ಪನಿಗೆ ಕಾಣುತ್ತಿದ್ದುದು ಕಾರಿನ ಹಿಂದೆ ಚಾಚಿಕೊಂಡಿದ್ದ ಕಾಲುಗಳು. ವಾಸಪ್ಪ ಇದ್ದಬದ್ದ ಉಸಿರನ್ನೆಲ್ಲ ಒಟ್ಟುಮಾಡಿ ‘ನಾಗಪ್ಪ’ ಎನ್ನಲು ಹೊರಟ. ಹೊರಬಂದದ್ದು ‘ಊಂ’ ಎಂಬ ನರಳಿಕೆ.

‘ಆತಾತು, ಕೆಲ್ಸ ಮಾಡು. ನಾಳಿದ್ದು ಬಾಡಿಗೆ ವಿಷ್ಯ ಮಾತಾಡನ ಅಂತ ಬಂದೆ. ಸಂಜೆ ಮುಂದೆ ಬತ್ತೀನಿ.’

ಪಾದಗಳು ತಿರುಗಿದವು. ವಾಸಪ್ಪ ಕಾಲು ಅಲ್ಲಾಡಿಸಿದ. ನಾಗಪ್ಪ ಆಗಲೇ ಬೆನ್ನು ಹಾಕಿದ್ದ. ಬೇಲಿ ದಾಟುವವರೆಗೂ ಚಪ್ಪಲಿಯ ಸದ್ದು ಕೇಳಿಸಿತು. ಆಮೇಲೆ ಅದೂ ಇಲ್ಲ.

ಕಣ್ಣಿನ ಅಂಚಿನಿಂದ ನೀರು ಕಿವಿಗೆ ಇಳಿಯಿತು. ಕತ್ತಿನ ಮೇಲೆ ಇರುವೆ ಹತ್ತಿತು. ಆಕ್ಸಲಿನ ಸಂದಿನಿಂದ ಹಳೆಯ ಆಯಿಲ್ ಒಂದೊಂದೇ ಹನಿಯಾಗಿ ಅಂಗಿಗೆ ಇಳಿಯುತ್ತಿತ್ತು. ಸ್ಪಾನರಿನಿಂದ ಮೇಲೆ ತೂಗುತ್ತಿದ್ದ ಸ್ಪ್ರಿಂಗ್ ಪ್ಲೇಟಿಗೆ ಹೊಡೆದ. ಠಣ್ಣೆಂದು ಒಳ್ಳೆಯ ಸದ್ದೇ ಬಂತು. ಹೊಡೆದ, ಸುಧಾರಿಸಿಕೊಂಡ, ಮತ್ತೆ ಹೊಡೆದ.

ಬೇಲಿಯಾಚೆಯ ಮನೆಯ ಕಲ್ಲಮ್ಮ ಬಾವಿಕಟ್ಟೆಯಿಂದ ಕೂಗಿದಳು: ‘ಎಷ್ಟೊತ್ತು ಕುಟ್ತೀಯ ಮಾರಾಯ? ಮಧ್ಯಾಹ್ನ ಒಂಚೂರು ಮಲ್ಗಣ ಅಂದ್ರೆ ಬಿಡಲ್ಲ.’

ಕಾರು ಬಿಚ್ಚಿ ಕೂತವನು ಕಬ್ಬಿಣ ಕುಟ್ಟದೆ ಇನ್ನೇನು ಮಾಡುತ್ತಾನೆ? ಎಷ್ಟು ಜೋರಾಗಿ ಹೊಡೆದರೂ ಅದು ರಿಪೇರಿಯ ಸದ್ದೇ. ಅದು ಹೊಳೆದದ್ದೇ ವಾಸಪ್ಪನ ಕೈ ಸೋತು ನೆಲಕ್ಕೆ ಬಿತ್ತು. ತನ್ನ ಅಂಗಳದಲ್ಲೇ, ಹಾಡುಹಗಲಲ್ಲೇ, ಜನ ಬಂದು ಮಾತಾಡಿಸಿ ಹೋಗುತ್ತಿರುವಾಗಲೇ ಸಾಯುತ್ತೇನೆ ಎಂದುಕೊಂಡ.

ಕಲ್ಲಮ್ಮ ಊರಿನ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಶಾಲೆಯ ಬೆಲ್ ಹೊಡೆಯುವವಳೂ ಅವಳೇ. ಆ ಬೆಲ್ಲು ಕೂಡ ಲಾರಿಯ ಹಳೆಯ ಸ್ಪ್ರಿಂಗ್ ಪ್ಲೇಟು. ಅದನ್ನು ಶಾಲೆಗೆ ತಂದು ಕಟ್ಟಿದವನು ವಾಸಪ್ಪನೇ. ಮಕ್ಕಳನ್ನು ಮನೆಗೆ ಬಿಡುವಾಗ ಅವಳು ಹೊಡೆಯುವ ಲಾಂಗ್ ಬೆಲ್ ಅವನಿಗೆ ದಿನವೂ ಕೇಳಿಸುತ್ತಿತ್ತು: ಮೊದಲು ಬಿಡಿಬಿಡಿಯಾಗಿ ಎರಡು ಪೆಟ್ಟು, ಆಮೇಲೆ ತಡೆಯೇ ಇಲ್ಲದೆ ಗಡಿಬಿಡಿಯ ಪೆಟ್ಟು. ಈಗ ರಜೆ. ವಾಸಪ್ಪ ಸ್ಪಾನರನ್ನು ಮತ್ತೆ ಎತ್ತಿದ. ಬಿಡಿಯಾಗಿ ಎರಡು ಹೊಡೆದ. ಆಮೇಲೆ ಒಂದೇ ಸಮನೆ ಹೊಡೆದ. ನಿಲ್ಲಿಸಿ ಮತ್ತೆ ಮೊದಲಿನಿಂದ ಹೊಡೆದ.

ಕಲ್ಲಮ್ಮ ಗೊಣಗುತ್ತ ಬೇಲಿ ಸುತ್ತಿ ಬಂದಳು. ‘ರಜೆಯಾಗೆ ಬೆಲ್ ಹೊಡಿಯೋ ಹುಚ್ಚು ಎಂತದು ನಿಂಗೆ?’ ಎನ್ನುತ್ತಲೇ ಬಗ್ಗಿ ನೋಡಿದಳು. ಅವನ ತುಟಿ ನೀಲಿಗಟ್ಟಿತ್ತು.

ಅವಳು ಜನ ಕರೆಯಲು ಓಡಲಿಲ್ಲ. ಗೋಡೆಗೆ ಒರಗಿಸಿದ್ದ ಹಾರೆ ತಂದು, ತುದಿಯನ್ನು ಆಕ್ಸಲಿನ ಅಡಿಗೆ ತೂರಿಸಿ, ನಡುವೆ ಕಲ್ಲು ಕೊಟ್ಟು, ಇನ್ನೊಂದು ತುದಿಯ ಮೇಲೆ ಮೈಭಾರವೆಲ್ಲ ಬಿಟ್ಟಳು. ಆಕ್ಸಲ್ ಎರಡು ಬೆರಳಿನಷ್ಟು ಎದ್ದಿತು. ವಾಸಪ್ಪನ ಎದೆಗೆ ಗಾಳಿ ನುಗ್ಗಿತು. ಅವಳು ಕಾಲಿನಿಂದಲೇ ಮರದ ತುಂಡೊಂದನ್ನು ಆಕ್ಸಲಿನ ಕೆಳಗೆ ತಳ್ಳಿ, ಹಾರೆ ಬದಲಿಸಿ, ಮತ್ತೆ ಎತ್ತಿದಳು.

‘ಬಾ ವಾಸಪ್ಪ. ನಂಗೆ ಬಾಳ ಹೊತ್ತು ಹಿಡಿಯಕ್ಕಾಗಲ್ಲ.’

ಹಿಮ್ಮಡಿ ಊರಿ ಊರಿ ಅವನು ಕಾಲಿನ ಕಡೆಗೆ ಜರುಗಿದ. ಮುಖ ಹೊರಳಿಸಿ ತಲೆ ದಾಟಿಸುವಾಗ ಕಬ್ಬಿಣದ ಅಂಚು ಕಿವಿಯನ್ನು ಸೀಳಿತು. ಅವನು ಹೊರಬಂದ ಮೇಲೆ ಕಲ್ಲಮ್ಮ ಹಾರೆ ಬಿಟ್ಟು ಅಲ್ಲೇ ಕುಸಿದು ಕೂತಳು.

‘ಬೈಕೊಂಡೆ ಕಣ ನಿಂಗೆ,’ ಎಂದು ಅತ್ತಳು.

ಪಕ್ಕೆಲುಬು ಮುರಿದಿತ್ತು. ಕೈಗೂ ಪೆಟ್ಟಾಗಿತ್ತು. ವಾಸಪ್ಪ ಎದೆಗೆ ಪಟ್ಟಿ ಸುತ್ತಿಕೊಂಡು ಮಲಗಿದ್ದ ದಿನಗಳಲ್ಲೇ ಗ್ಯಾರೇಜಿನವರಿಬ್ಬರು ಬಂದು ಆಕ್ಸಲ್ ಕೂರಿಸಿದರು. ಕೆಲಸ ಮುಗಿಯುವವರೆಗೂ ಅವನು ಅಂಗಳದ ಕಡೆ ನೋಡಲಿಲ್ಲ. ನಾಗಪ್ಪ ದಿನವೂ ಬಂದು ಜಗಲಿಯ ತುದಿಯಲ್ಲಿ ಕೂತು ಹೋಗುತ್ತಿದ್ದ.

ಆಷಾಢದ ಹೊತ್ತಿಗೆ ಕಾರು ರಸ್ತೆಗೆ ಇಳಿಯಿತು. ಆದರೆ ಎಂಥ ಮಳೆಯಲ್ಲೂ ವಾಸಪ್ಪ ಗಾಜು ಏರಿಸುತ್ತಿರಲಿಲ್ಲ. ‘ಗಾಜು ಹಾಕಿ ಡ್ರೈವರೆ, ಒದ್ದೆ ಆಗ್ತಿದೆ’ ಎಂದು ಪಕ್ಕದಲ್ಲಿ ಕೂತವರು ಹೇಳಿದರೆ ತನ್ನ ಟವೆಲ್ ತೆಗೆದು ಕೊಡುತ್ತಿದ್ದ. ಶೃಂಗೇರಿಯಲ್ಲಿ ರಾತ್ರಿ ಉಳಿಯಬೇಕಾದರೆ ಬೇರೆ ಡ್ರೈವರುಗಳಂತೆ ಕಾರಿನೊಳಗೆ ಮಲಗದೆ ಲಾಡ್ಜಿನ ಮೆಟ್ಟಿಲ ಮೇಲೆ ಕೂತು ಬೆಳಗು ಮಾಡುತ್ತಿದ್ದ.

ಮನೆಯಲ್ಲೂ ಬಾಗಿಲು ಹಾಕಿದ ಕೋಣೆಯಲ್ಲಿ ನಿದ್ದೆಯ ನಡುವೆ ಎದ್ದು ಕೂರುತ್ತಿದ್ದ. ಒಂದು ಸಂಜೆ ತುಂಗಮ್ಮ ಇಬ್ಬರ ಹಾಸಿಗೆಯನ್ನೂ ಜಗಲಿಗೆ ತಂದು ಹಾಸಿದಳು. ಚಳಿಗಾಲದಲ್ಲೂ ಕಂಬಳಿ ಹೊದ್ದು ಅಲ್ಲೇ ಮಲಗಿದರು. ಖಾಲಿಯಾದ ಕೋಣೆಯಲ್ಲಿ ನಯನಾ ತನ್ನ ಪುಸ್ತಕಗಳನ್ನು ಹರಡಿಕೊಂಡಳು.