ಗೌನಿಪಲ್ಲಿಯ ಮಂಚ

ಶ್ರೀನಿವಾಸಪುರ ದಾಟಿ ಗೌನಿಪಲ್ಲಿಗೆ ಬಂದದ್ದು ಒಂದು ಮಂಚದ ಫೋಟೋ ತೆಗೆಯಲು. ಲಕ್ಷ್ಮಮ್ಮನವರ ಹೊಸ ಮನೆಗೆ ಕಳೆದ ವರ್ಷ ಒಳಾಂಗಣ ವಿನ್ಯಾಸ ಮಾಡಿದ್ದು ನಾನೇ. ಈಗಿನ ಫ್ಯಾಷನ್ ಪ್ರಕಾರ ಗೋಡೆಗೆ ಬೂದು ಬಣ್ಣವೇ ಆಗಬೇಕು, ಬೀರುಗಳಿಗೆ ಹಿಡಿ ಇರಬಾರದು, ಒಟ್ಟಿನಲ್ಲಿ ಮನೆಯಲ್ಲಿ ಯಾರೂ ವಾಸವಿಲ್ಲದಂತೆ ಕಾಣಬೇಕು. ಮಂಚವೂ ಆ ಜಾತಿಯದೇ. ಹಾಸಿಗೆ ಮೇಲೆತ್ತಿದರೆ ಅಡಿಯಲ್ಲಿ ದೊಡ್ಡ ಪೆಟ್ಟಿಗೆ, ಕಂಬಳಿ ದಿಂಬುಗಳನ್ನು ಬಚ್ಚಿಡಲು.

ಕೋಣೆಗೆ ಕಾಲಿಟ್ಟೊಡನೆ ಘಮ್ಮೆಂದಿತು. ಲಕ್ಷ್ಮಮ್ಮ ನಗುತ್ತ ಹಾಸಿಗೆ ಎತ್ತಿದರು. ಪೆಟ್ಟಿಗೆಯಲ್ಲಿ ಹುಲ್ಲು ಹಾಸಿ, ಬಾದಾಮಿ ಮಾವಿನಕಾಯಿಗಳನ್ನು ಹಣ್ಣಾಗಲು ಇಟ್ಟಿದ್ದರು.

“ಕಂಬಳಿಗಳು?” ಎಂದೆ.

“ಅವು ಅಟ್ಟದ ಮೇಲವೆ ಬಿಡಿ ಮೇಡಂ. ಇದರೊಳಕ್ಕೆ ಇಲಿ ಬರಲ್ಲ, ಮೊಮ್ಮಕ್ಕಳಿಗೂ ಎತ್ತೋಕಾಗಲ್ಲ. ಶಾನೆ ಚೆನ್ನಾಗಿ ಮಾಡಿದೀರ.”

ಇಂಥ ಹೊಗಳಿಕೆ ನನಗೆ ಬೆಂಗಳೂರಿನಲ್ಲಿ ಸಿಕ್ಕಿಲ್ಲ. ಹಾಸಿಗೆ ಎತ್ತಿಸಿಕೊಂಡೇ ಫೋಟೋ ತೆಗೆದೆ. ಆಮೇಲೆ ಮೊಣಕೈವರೆಗೂ ರಸ ಇಳಿಸಿಕೊಂಡು ಹಣ್ಣು ತಿನ್ನುತ್ತ ಕೂತಿದ್ದಾಗ ಅವರೇ ಮಾತು ತೆಗೆದರು.

“ಪಕ್ಕದ ರೂಮಿಗೂ ಇಂಥದ್ದೇ ಒಂದು ಮಾಡ್ಕೊಡಿ.”

ಕೈ ತೊಳೆದು ಟೇಪು ಹಿಡಿದು ಎದ್ದೆ. “ಅಲ್ಲಿ ಯಾರು ಮಲಗ್ತಾರೆ?”

“ಯಾರೂ ಇಲ್ಲ ಮೇಡಂ. ಅದು ರಸಪುರಿಗೆ.”